ಏಳು ಸುತ್ತಿನ ಡಿಫೆನ್ಸ್

ಇವತ್ತು 2025ರ ಜೂನ್ 5. ನಾಳೆ ಬೆಳಿಗ್ಗೆ 6ಕ್ಕೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಫೈನಲ್ಸ್ ಶುರು. ಒಕ್ಲಹೋಮಾ ಸಿಟಿ ಥಂಡರ್, ಇಂಡಿಯಾನಾ ಪೇಸರ್ಸ್. 7 ಆಟಗಳಲ್ಲಿ 4 ಗೆದ್ದವರಿಗೆ ಕಪ್. ಅಲಾರಂ ಇಟ್ಟಾಗಿದೆ.

ಸಂಜೆ ಸುಮ್ನೆ ದುರ್ಗದ ಕೋಟೆಗೆ ಹೋಗಿದ್ದೆ. ಒಂದು ಬಾಗಿಲು ದಾಟಿದರೆ ದಾರಿ ಥಟ್ಟನೆ ತಿರುಗುತ್ತದೆ. ಆನೆ ಬಂದರೂ ನೇರವಾಗಿ ನುಗ್ಗುವ ಹಾಗಿಲ್ಲ. ಆ ಕಲ್ಲಿನ ಗೋಡೆಗೆ ಕೈಯಿಟ್ಟಾಗ ಥಂಡರ್ ಡಿಫೆನ್ಸ್ ನೆನಪಾಯಿತು.

ಮೊದಲು ಲು ಡಾರ್ಟ್ ಎದೆಗೆ ಎದೆ ಕೊಟ್ಟು ನಿಲ್ಲುತ್ತಾನೆ. ಅವನನ್ನು ದಾಟಿದರೆ ಕರೂಸೊ ಕೈ ಚಾಚಿ ಚೆಂಡು ಕಸಿಯುತ್ತಾನೆ. ಅವನನ್ನೂ ತಪ್ಪಿಸಿಕೊಂಡು ಬುಟ್ಟಿ ಹತ್ತಿರ ಬಂದರೆ ಅಲ್ಲಿ 7 ಅಡಿ ದಾಟಿದ ಹೋಮ್‌ಗ್ರೆನ್! ಲೀಗ್‌ನಲ್ಲಿ 82ರಲ್ಲಿ 68 ಗೆದ್ದಿದ್ದು ಸುಮ್ನೆ ಅಲ್ಲ. ಥಂಡರ್‌ನ ಶಾಯ್ ಪಾಯಿಂಟ್ ಹೊಡೆಯುವುದನ್ನೇ ಎಲ್ಲರೂ ಹೊಗಳುತ್ತಾರೆ. ನನಗೆ ಈ ಕಾವಲೇ ಜಾಸ್ತಿ ಇಷ್ಟ.

ಭಯ ಇರುವುದು ಪೇಸರ್ಸ್‌ನ ಹ್ಯಾಲಿಬರ್ಟನ್ ಒಬ್ಬನದ್ದೇ. ಕಾವಲು ಸರಿಯಾಗಿ ನಿಲ್ಲುವ ಮೊದಲೇ ಅವನ ಪಾಸ್ ಹೋಗಿರುತ್ತದೆ. ಕೊನೇ ಸೆಕೆಂಡಿನ ಶಾಟ್‌ಗೂ ಹೆದರುವವನಲ್ಲ. ಇಳಿದು ಬರುವಾಗ ಓಬವ್ವನ ಕಿಂಡಿ ಮುಂದೆ ಸ್ವಲ್ಪ ಹೊತ್ತು ನಿಂತೆ. ಎಷ್ಟು ಚಿಕ್ಕದು ಅದು! ಒಬ್ಬ ಬಗ್ಗಿ ನುಸುಳುವಷ್ಟು ಜಾಗ, ಅಷ್ಟೇ.

ಆದರೂ ನನ್ನ ಮಾತು ಥಂಡರ್‌ಗೇ. ಬೇಗ ಎದ್ದು ನೋಡುವವರು ಯಾರಿದ್ದೀರಿ?