ಕಾಲುಭಾಗ ಕತ್ತರಿಸಿದ ಮೇಲೆ

ಫೆಬ್ರವರಿ ಹತ್ತಿರ ಬಂತೆಂದರೆ ನಮ್ಮ ಎಡಿಟ್ ಫ್ಲೋರಿನಲ್ಲಿ ಯಾರ ಮುಖದಲ್ಲೂ ಪ್ರೇಮ ಕಾಣುವುದಿಲ್ಲ. ವ್ಯಾಲೆಂಟೈನ್ಸ್ ಡೇ ಸ್ಪೆಷಲ್ಲು, ಅದಕ್ಕೊಂದು ಪ್ರೋಮೋ, ಪ್ರೋಮೋಗೊಂದು ಟೀಸರು, ಟೀಸರಿಗೆ ಅಡ್ಡ, ಉದ್ದ, ಚೌಕ ಅಂತ ಬೇರೆ ಬೇರೆ ಕಟ್‌ಡೌನು. ಹೀಗಿರುವಾಗ ಒಂದು ಬ್ರೀಫ್ ಮಾತ್ರ ನನಗೆ ಹಬ್ಬದ ಹಾಗೆ ಬಂತು. ಹಾಲಿವುಡ್‌ನ ಹಳೇ ಮ್ಯೂಸಿಕಲ್‌ಗಳ ಪ್ರೇಮದ ಹಾಡು-ಕುಣಿತಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವ ಒಂದು ಎಪಿಸೋಡು, ಕನ್ನಡ ವಿಒ (ವಾಯ್ಸ್ ಓವರ್, ಹಿನ್ನೆಲೆ ನಿರೂಪಣೆ). ಕ್ಲಿಪ್ಪಿನ ಹಕ್ಕು ಕ್ಲೈಂಟ್ ಕಡೆಯ ಲೀಗಲ್‌ನವರ ತಲೆನೋವು. ಕಟ್, ಗ್ರೇಡ್, ಮಿಕ್ಸ್, ಡೆಲಿವರಿ ನಮ್ಮದು.

ಪಟ್ಟಿಯಲ್ಲಿದ್ದವು: 1935ರ ‘ಟಾಪ್ ಹ್ಯಾಟ್’ನ ಎರಡು ಹಾಡು, 1951ರ ‘ಆ್ಯನ್ ಅಮೆರಿಕನ್ ಇನ್ ಪ್ಯಾರಿಸ್’ನಲ್ಲಿ ಸೇನ್ ನದಿ ದಡದ ಹಾಡು, 1952ರ ‘ಸಿಂಗಿನ್ ಇನ್ ದ ರೇನ್’ನಿಂದ ‘ಯೂ ವರ್ ಮೆಂಟ್ ಫಾರ್ ಮಿ’, 1953ರ ‘ದ ಬ್ಯಾಂಡ್ ವ್ಯಾಗನ್’ನಿಂದ ‘ಡ್ಯಾನ್ಸಿಂಗ್ ಇನ್ ದ ಡಾರ್ಕ್’. 1936ರ ‘ಸ್ವಿಂಗ್ ಟೈಮ್’ನ ‘ನೆವರ್ ಗೊನ್ನಾ ಡ್ಯಾನ್ಸ್’ ಬೇಕೇ ಬೇಕು ಅಂತ ನಾನು ಮೇಲ್ ಮೇಲೆ ಮೇಲ್ ಹಾಕಿದೆ. ‘ಅದು ಅಗಲಿಕೆಯ ಹಾಡು, ಮೂಡ್ ಹಾಳಾಗುತ್ತೆ’ ಅಂತ ನಮ್ಮ ಇಪಿ (ಎಕ್ಸಿಕ್ಯುಟಿವ್ ಪ್ರೊಡ್ಯೂಸರ್) ಅದನ್ನು ಕೈಬಿಟ್ಟರು. ಹಾಳಾಗಬೇಕಾದ್ದೇ ಅಲ್ಲಿ ಮೂಡು! ಫ್ರೆಡ್ ಆ್ಯಸ್ಟೇರ್, ಜಿಂಜರ್ ರಾಜರ್ಸ್ ಇಬ್ಬರೂ ಖಾಲಿ ಹಾಲಿನಲ್ಲಿ ಸುಮ್ಮನೆ ಕಾಲೆಳೆದುಕೊಂಡು ನಡೆಯುತ್ತಾರೆ, ಆ ನಡಿಗೆಯೇ ಯಾವಾಗಲೋ ಕುಣಿತವಾಗಿರುತ್ತದೆ. ಅದರ ಕೊನೆಯ ಸುತ್ತುಗಳಿಗೆ 40ಕ್ಕೂ ಹೆಚ್ಚು ಟೇಕ್ ಆಗಿ ರಾಜರ್ಸ್ ಪಾದದಲ್ಲಿ ರಕ್ತ ಬಂದಿತ್ತು ಎಂಬ ಕಥೆ ಪ್ರಸಿದ್ಧ. ಇರಲಿ, ಪಟ್ಟಿಯಲ್ಲಿ ಇರಲಿಲ್ಲ.

ಮಾಸ್ಟರ್‌ಗಳು ಬಂದವು. ಎಲ್ಲ 1.37, ಅಂದರೆ ಎತ್ತರಕ್ಕಿಂತ ಅಗಲ ಸ್ವಲ್ಪವೇ ಹೆಚ್ಚಿರುವ ಹಳೇ ಫ್ರೇಮು. ನಮ್ಮ ಡೆಲಿವರಿ 16:9, ಈಗಿನ ಅಗಲ ಟಿವಿಯದ್ದು. ಪಕ್ಕದಲ್ಲಿ ಕಪ್ಪು ಪಟ್ಟಿ ಬಿಟ್ಟರೆ ‘ಹಳೇ ಟಿವಿ ಥರ ಕಾಣುತ್ತೆ’ ಅಂತ ಗೈಡ್‌ಲೈನಿನಲ್ಲೇ ಬರೆದಿಟ್ಟಿದ್ದಾರೆ, ಫುಲ್ ಫ್ರೇಮ್ ತುಂಬಬೇಕು. ತುಂಬಿದರೆ ಎತ್ತರದಲ್ಲಿ ಹೆಚ್ಚುಕಡಿಮೆ ಕಾಲುಭಾಗ ಹೋಗುತ್ತೆ. ಮೇಲಿಂದ ತೆಗೆಯೋಣವೆಂದರೆ ತಲೆ. ಹಾಗಾಗಿ ಕೆಳಗಿಂದ. ರೀಲ್ಸ್‌ಗೆ 9:16, ಮೊಬೈಲಿನ ಉದ್ದ ಫ್ರೇಮು, ಬೇರೆ. ಅದನ್ನು ಫ್ರೇಮು ತಾನೇ ಕತ್ತರಿಸಿಕೊಡುವ ಆಟೋ ರೀಫ್ರೇಮ್‌ಗೆ ಹಾಕಿದೆವು. ಆ ಟೂಲಿಗೆ ಮುಖ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಜೋಡಿ ಸ್ವಲ್ಪ ದೂರವಾದರೆ ಸಾಕು, ಅವನ ಮುಖ, ಅವಳ ಮುಖ, ಮತ್ತೆ ಅವನ ಮುಖ ಅಂತ ಟೆನಿಸ್ ಮ್ಯಾಚ್ ನೋಡಿದ ಹಾಗೆ ಅತ್ತಿತ್ತ ಓಡುತ್ತೆ. ಅಡ್ಡ ಕಟ್‌ನಲ್ಲಿ ಕಾಲು ಹೋಯಿತು, ಉದ್ದ ಕಟ್‌ನಲ್ಲಿ ಜೋಡಿ ಹೋಯಿತು. ಅದೂ ಯಾರದ್ದು? ತಲೆಯಿಂದ ಪಾದದವರೆಗೆ ಇಡೀ ದೇಹ ಫ್ರೇಮಿನಲ್ಲಿರಬೇಕು, ಕಟ್ ಆದಷ್ಟೂ ಕಡಿಮೆ ಇರಬೇಕು ಅಂತ ಸ್ಟುಡಿಯೋದಲ್ಲಿ ಹಟ ಹಿಡಿದು ಸಾಧಿಸಿದ್ದ ಆ್ಯಸ್ಟೇರ್‌ದು.

‘ಅಕ್ಕ, ಇದು ಸರಿ ಕಾಣ್ತಿಲ್ಲ’ ಅಂತ ಅಸಿಸ್ಟೆಂಟ್ ಹುಡುಗ ಹೇಳಿದ. ಹೇಳಿದ್ದು ನಿಜ. ‘ಫಸ್ಟ್ ಕಟ್ ಹೋಗ್ಲಿ, ಫೀಡ್‌ಬ್ಯಾಕ್ ಬಂದ್ಮೇಲೆ ನೋಡೋಣ’ ಅಂದೆ. ನನ್ನ ಗಮನವೆಲ್ಲ ಡ್ಯೂರೇಷನ್ ಮೇಲೆ. ಸ್ಲಾಟಿಗೆ ಉದ್ದ ಜಾಸ್ತಿಯಾಗಿತ್ತು, ಹಿಂದಿನ ಎಪಿಸೋಡ್‌ಗಳ ರಿಟೆನ್ಷನ್ ಗ್ರಾಫ್ (ಜನ ಎಲ್ಲಿವರೆಗೆ ನೋಡಿದರು ಅನ್ನುವುದು) ಬೇರೆ ಇಪಿ ಕಣ್ಣಿಗೆ ಹಿಡಿದಿದ್ದರು. ಗ್ರಾಫ್ ಎಲ್ಲಿ ಬೀಳುತ್ತೆ? ಏನೂ ನಡೆಯದ ಕಡೆ. ಸರಿ, ಏನೂ ನಡೆಯದ ಕಡೆಗಳನ್ನು ಹುಡುಕುತ್ತ ಹೋದೆ.

‘ಡ್ಯಾನ್ಸಿಂಗ್ ಇನ್ ದ ಡಾರ್ಕ್’ನಲ್ಲಿ ಅದು ಸುಲಭವಾಗಿ ಸಿಕ್ಕಿತು. ಆ ನಂಬರಿನಲ್ಲಿ ಯಾರೂ ಹಾಡುವುದೇ ಇಲ್ಲ, ಬರೀ ಆರ್ಕೆಸ್ಟ್ರಾ. ಮಾತೂ ಇಲ್ಲ. ತುಟಿ ಸಿಂಕ್ ಕಾಟವಿಲ್ಲದ ಮೇಲೆ ಎಲ್ಲಿ ಬ್ಲೇಡ್ ಹಾಕಿದರೂ ನಡೆಯುತ್ತೆ. ಆ್ಯಸ್ಟೇರ್, ಸಿಡ್ ಚಾರಿಸ್ ಕುದುರೆಗಾಡಿಯಿಂದ ಇಳಿದು, ಸೆಂಟ್ರಲ್ ಪಾರ್ಕಿನಲ್ಲಿ ಜನ ಕುಣಿಯುತ್ತಿರುವ ಜಾಗವನ್ನು ದಾಟಿ ಸುಮ್ಮನೆ ನಡೆದು ಹೋಗುತ್ತಾರೆ. ಅಷ್ಟನ್ನೂ ತೆಗೆದೆ. ನೇರ ಕುಣಿತಕ್ಕೆ. ಮೊನೊ ಟ್ರ್ಯಾಕಿನ ಜಾಯಿಂಟ್ ಎಷ್ಟು ಚೆನ್ನಾಗಿ ಕೂತಿತೆಂದರೆ ಸೌಂಡ್‌ನವರಿಗೂ ಗೊತ್ತಾಗಲಿಲ್ಲ. ಅದೇ ಹುರುಪಿನಲ್ಲಿ ‘ಯೂ ವರ್ ಮೆಂಟ್ ಫಾರ್ ಮಿ’ಯಲ್ಲಿ ಜೀನ್ ಕೆಲ್ಲಿ ದೀಪ, ಫ್ಯಾನು ಹಾಕುತ್ತ ಓಡಾಡುವುದನ್ನೂ ಹಾರಿಸಿ ಹಾಡಿನ ಮೊದಲ ಸಾಲಿಗೆ ಬಂದೆ.

ರಿವ್ಯೂ ರೂಮಿನಲ್ಲಿ ಕ್ಲೈಂಟ್ ಕಡೆಯ ಪ್ರೋಗ್ರಾಮಿಂಗ್ ಮೇಡಂ ಇದ್ದರು. ಚಿಕ್ಕಂದಿನಿಂದ ಭರತನಾಟ್ಯ ಕಲಿತವರು ಅಂತ ಆಮೇಲೆ ಗೊತ್ತಾಯಿತು. ಮೊದಲೇ ಗೊತ್ತಿದ್ದರೆ ರಜೆ ಹಾಕುತ್ತಿದ್ದೆ. ಇಡೀ ಕಟ್ ಮುಗಿಯುವವರೆಗೆ ಅವರು ಒಂದು ಟೈಮ್‌ಕೋಡನ್ನೂ ಬರೆದುಕೊಳ್ಳಲಿಲ್ಲ. ಕ್ಲೈಂಟ್ ನೋಟ್ಸ್ ಬರೆಯದೆ ಕೂತರೆ ಎರಡರಲ್ಲೊಂದು: ಅಪ್ರೂವ್, ಇಲ್ಲಾ ಇಡೀ ಕಟ್ ವಾಪಸ್. ಎಂಡ್ ಪ್ಲೇಟ್ ಬಂತು, ಹೋಯಿತು. ಏಸಿ ಸದ್ದು. ಇಪಿ ಗಂಟಲು ಸರಿಮಾಡಿಕೊಂಡರು.

‘ಪಾದ ಎಲ್ಲಿ?’ ಅಂದರು ಮೇಡಂ.

ಇಪಿ ಗೈಡ್‌ಲೈನಿನ ಕಥೆ ಹೇಳಿದರು. ಅದು ಅವರದೇ ಕಂಪನಿಯ ಗೈಡ್‌ಲೈನ್ ಆದ್ದರಿಂದ ಮೇಡಂ ಸ್ವಲ್ಪ ಹೊತ್ತು ಸುಮ್ಮನಾದರು. ಬಚಾವ್ ಅಂದುಕೊಂಡೆ. ‘ಬ್ಯಾಂಡ್ ವ್ಯಾಗನ್ ಇನ್ನೊಂದ್ಸಲ ಹಾಕಿ’ ಅಂದರು. ಹಾಕಿದೆ. ಕುಣಿತ ಅರ್ಧಕ್ಕೆ ಬರುವಷ್ಟರಲ್ಲಿ ಕೈ ಎತ್ತಿ ನಿಲ್ಲಿಸಿದರು.

‘ಇವಳು ಒಪ್ಪಿಕೊಂಡಿದ್ದು ಯಾವಾಗ?’

‘ಅದು ವಿಒನಲ್ಲಿ ಬರುತ್ತೆ ಮೇಡಂ’ ಅಂದೆ.

‘ವಿಒ ಒಪ್ಪಿಕೊಂಡ್ರೆ ಆಯ್ತಾ?’

ಅಸಿಸ್ಟೆಂಟ್ ಹುಡುಗ ನಗು ತಡೆಯಲು ಕೆಳಗೆ ಬಗ್ಗಿ ಕೇಬಲ್ ಹುಡುಕತೊಡಗಿದ. ನನಗೆ ಇನ್ನೂ ಚುಚ್ಚುವುದು ಆ ನಗುವಲ್ಲ. ನಾನು ಈ ಸಿನಿಮಾಗಳನ್ನು ಕಾಲೇಜಿನ ಕಾಲದಿಂದ ನೋಡಿದವಳು, ಊಟದ ಟೇಬಲ್ಲಿನಲ್ಲಿ ಇವುಗಳ ಮೇಲೆ ಭಾಷಣ ಮಾಡಿದವಳು. ಆದರೆ ಕೈಯಲ್ಲಿ ಬ್ಲೇಡ್ ಟೂಲ್ ಇದ್ದಾಗ ನಡಿಗೆಯನ್ನು ಖಾಲಿ ಜಾಗ ಅಂತಲೇ ಓದಿದ್ದೆ.

ವಾಪಸ್ ಬಂದು ಮಾಸ್ಟರ್‌ಗಳನ್ನು ಟೈಮ್‌ಲೈನಿನಲ್ಲಿ ಒಂದರ ಮೇಲೊಂದು ಇಟ್ಟು, ಪ್ರತಿ ಹಾಡಿನಲ್ಲೂ ಕುಣಿತ ಶುರುವಾಗುವ ಜಾಗಕ್ಕೆ ಮಾರ್ಕರ್ ಹಾಕುತ್ತ ಹೋದೆ. ಹಾಕಲು ಆಗುವುದೇ ಇಲ್ಲ. ‘ಬ್ಯಾಂಡ್ ವ್ಯಾಗನ್’ನಲ್ಲಿ ಆ್ಯಸ್ಟೇರ್ ಹಳೇ ಕಾಲದ ಹಾಡು-ಕುಣಿತದ ನಟ, ಚಾರಿಸ್ ಬ್ಯಾಲೆಯ ಹುಡುಗಿ. ಇಬ್ಬರಿಗೂ ಒಳಗೊಳಗೇ ಭಯ, ನಾವಿಬ್ಬರು ಒಟ್ಟಿಗೆ ಕುಣಿಯಬಲ್ಲೆವಾ ಅಂತ. ಜಗಳವಾಡಿ, ರಾಜಿಯಾಗಿ, ಮಾತಿಲ್ಲದೆ ನಡೆಯುತ್ತಾರೆ. ನಡೆಯುತ್ತ ಅವಳು ಒಂದು ಸಣ್ಣ ತಿರುವು ಹಾಕುತ್ತಾಳೆ, ಅವನು ಅದಕ್ಕೆ ಉತ್ತರ ಕೊಡುತ್ತಾನೆ. ಪ್ರಶ್ನೆ ಅಲ್ಲೇ ತೀರಿಹೋಗುತ್ತೆ. ಮುಂದಿನದೆಲ್ಲ ಖುಷಿ. ನಾನು ಖುಷಿಯನ್ನಷ್ಟೇ ಇಟ್ಟುಕೊಂಡು ಪ್ರಶ್ನೆಯನ್ನು ಬಿನ್‌ಗೆ ಹಾಕಿದ್ದೆ.

‘ಟಾಪ್ ಹ್ಯಾಟ್’ನ ಮಳೆ ಹಾಡು, ‘ಇಸಂಟ್ ದಿಸ್ ಎ ಲವ್ಲಿ ಡೇ’, ಇದಕ್ಕೂ ಹಳೆಯದು, ಇದಕ್ಕಿಂತ ತುಂಟ. ಲಂಡನ್ ಪಾರ್ಕಿನ ಮಂಟಪದಲ್ಲಿ ಮಳೆಗೆ ಸಿಕ್ಕಿಕೊಂಡ ರಾಜರ್ಸ್ ಕುದುರೆ ಸವಾರಿಯ ಪ್ಯಾಂಟಿನಲ್ಲಿದ್ದಾಳೆ, ಫ್ರಾಕಿನ ನಿರಿಗೆ ಇಲ್ಲ, ಏನೂ ಇಲ್ಲ. ಅವನು ನಡೆದಂತೆ ನಡೆದು ಅವನನ್ನೇ ಅಣಕಿಸುತ್ತಾಳೆ. ಕುಣಿತದ ಬಹುಪಾಲು ಒಬ್ಬರನ್ನೊಬ್ಬರು ಮುಟ್ಟದೆ, ಸವಾಲು-ಜವಾಬಿನಲ್ಲಿ ಸಾಗುತ್ತೆ. ಮುಗಿದ ಮೇಲೆ ಅಪ್ಪುಗೆ, ಮುತ್ತು ಯಾವುದೂ ಇಲ್ಲ, ಶೇಕ್‌ಹ್ಯಾಂಡ್! ಸಮಾನರ ಪ್ರೇಮ ಅಂದರೆ ನನಗೆ ಈಗಲೂ ಇದೇ ಮೊದಲು ನೆನಪಾಗುವುದು. ಹೆಚ್ಚು ಹೆಸರು ಮಾಡಿದ್ದು ಅದೇ ಚಿತ್ರದ ‘ಚೀಕ್ ಟು ಚೀಕ್’. ಅಲ್ಲಿ ಅವಳು ಅವನನ್ನು ತನ್ನ ಗೆಳತಿಯ ಗಂಡ ಅಂತ ತಪ್ಪು ತಿಳಿದಿದ್ದಾಳೆ, ಆ ಗೆಳತಿಯೇ ಇನ್ನೂ ಹತ್ತಿರ ಹತ್ತಿರ ಅಂತ ಸನ್ನೆ ಮಾಡುತ್ತಿದ್ದಾಳೆ. ಆ ಗೊಂದಲ ಕಾಣದಿದ್ದರೆ ಹಾಡು ಬರೀ ಫೋಟೊ ಆಲ್ಬಮ್.

ಕೆಲ್ಲಿಯ ದಾರಿ ಬೇರೆ. ‘ಯೂ ವರ್ ಮೆಂಟ್ ಫಾರ್ ಮಿ’ಯಲ್ಲಿ ಆತ ಸಿನಿಮಾ ಹೀರೊ, ಸರಿಯಾದ ಸೆಟ್ಟಿಂಗ್ ಇಲ್ಲದೆ ಪ್ರೀತಿ ಹೇಳಲು ಬರುವುದಿಲ್ಲ. ಡೆಬಿ ರೆನಾಲ್ಡ್ಸ್ ಪಾತ್ರವನ್ನು ಖಾಲಿ ಸ್ಟುಡಿಯೋಗೆ ಕರೆದುಕೊಂಡು ಹೋಗಿ ಏಣಿ ಹತ್ತಿಸುತ್ತಾನೆ, ಅದು ಬಾಲ್ಕನಿ. ಸಂಜೆಯ ಪರದೆ, ಮಂಜಿನ ಯಂತ್ರ, ಬೆಳದಿಂಗಳಿನ ಲೈಟು, ತಂಗಾಳಿಗೆ ದೊಡ್ಡ ಫ್ಯಾನು. ಎಲ್ಲ ಸುಳ್ಳನ್ನೂ ನಮ್ಮ ಕಣ್ಣೆದುರೇ ಒಂದೊಂದಾಗಿ ಸ್ವಿಚ್ ಹಾಕಿ ತೋರಿಸುತ್ತಾನೆ. ಆಮೇಲೂ ನಾವು ಕರಗುತ್ತೇವೆ. ಕುಣಿತ ನಿಜಕ್ಕೂ ಸಾಧಾರಣ, ಹಾಡಿನ ಜೀವ ಇರುವುದು ಸ್ವಿಚ್‌ಗಳಲ್ಲಿ. ಸಿನಿಮಾ ಫ್ಲೋರುಗಳ ಪಕ್ಕದಲ್ಲೇ ಬೆಳೆದ ನನ್ನಂಥವಳು ಅದನ್ನು ಕತ್ತರಿಸಿದ್ದು ಹೇಗೋ! ಸೇನ್ ದಡದ ಹಾಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀಲಿ ಮಂಜು, ಸ್ಟುಡಿಯೋದಲ್ಲೇ ಕಟ್ಟಿದ ಪ್ಯಾರಿಸ್, ಹಿಂಜರಿಯುವ ಲೆಸ್ಲಿ ಕ್ಯಾರನ್, ಎಲ್ಲ ಚಂದ. ಆದರೆ ಆ್ಯಸ್ಟೇರ್ ಜೊತೆಗಾತಿಗೆ ಕಿವಿಗೊಡುತ್ತಾನೆ, ಕೆಲ್ಲಿ ಗೆಲ್ಲಲು ಕುಣಿಯುತ್ತಾನೆ ಅನ್ನಿಸುತ್ತೆ. ಇದು ನನ್ನ ಅಭಿಪ್ರಾಯ, ಇಪಿಗೆ ಕೆಲ್ಲಿಯೇ ಇಷ್ಟ.

ನಮ್ಮ ಡ್ಯುಯೆಟ್ ಎಡಿಟಿಂಗಿನಲ್ಲಿ ಪಳಗಿದ ಕೈಗೆ ಇದು ಕಷ್ಟ ಅಂತಲೂ ಹೇಳಬೇಕು. ಪಲ್ಲವಿಗೆ ಒಂದು ಲೊಕೇಷನ್, ಚರಣಕ್ಕೆ ಇನ್ನೊಂದು ಸೀರೆ, ಬಿಜಿಎಂಗೆ ಮಂಜಿನ ಬೆಟ್ಟ. ಅಲ್ಲಿ ಹಾಡು ಶುರುವಾಗುವ ಹೊತ್ತಿಗೆ ಒಪ್ಪಿಗೆ ಎಷ್ಟೋ ಸಲ ಆಗಿಹೋಗಿರುತ್ತೆ, ಕಟ್ಟೇ ತಾಳ. ಅದರ ರುಚಿಯೇ ಬೇರೆ, ಕಮ್ಮಿ ಅನ್ನುವುದಿಲ್ಲ. ಆ ಅಭ್ಯಾಸದಲ್ಲಿ ಇದನ್ನು ಮುಟ್ಟಬಾರದಷ್ಟೇ.

ಎರಡನೇ ಕಟ್‌ನಲ್ಲಿ ನಡಿಗೆಗಳೆಲ್ಲ ವಾಪಸ್ ಬಂದವು, ವಿಒ ಅರ್ಧಕ್ಕರ್ಧ ಹೋಯಿತು, ಸೇನ್ ದಡದ ಹಾಡನ್ನು ಒಂದು ಮಿಂಚಿಗೆ ಇಳಿಸಿದೆ. ಪಿಲ್ಲರ್‌ಬಾಕ್ಸ್‌ಗೆ, ಅಂದರೆ ಪಕ್ಕದ ಆ ಕಪ್ಪು ಪಟ್ಟಿಗೆ, ಮೇಡಂ ಗೈಡ್‌ಲೈನಿನಿಂದ ವಿನಾಯಿತಿ ಕೊಡಿಸಿದರು. ಉದ್ದ ಕಟ್‌ಗಳಿಗೆ ಆಟೋ ರೀಫ್ರೇಮ್ ಆಫ್ ಮಾಡಿ, ಇಡೀ ಫ್ರೇಮನ್ನೇ ಚಿಕ್ಕದು ಮಾಡಿ ನಡುವೆ ಇಟ್ಟು, ಮೇಲೆ ಕೆಳಗೆ ಹೆಸರು ಹಾಕಿದೆವು. ‘ರೀಲ್ಸ್ ಥರ ಇಲ್ಲ’ ಅಂತ ಸೋಷಿಯಲ್ ಟೀಮಿನವರು ಮುಖ ಸಿಂಡರಿಸಿದರು.

ಮ್ಯಾನೇಜ್‌ಮೆಂಟ್ ಇದರಿಂದ ಕಲಿತದ್ದು: ಎಲ್ಲ ಪ್ರಾಜೆಕ್ಟಿಗೂ ಇನ್ನೊಂದು ರಿವ್ಯೂ ಸ್ಟೇಜ್ ಸೇರಿಸಿದ್ದು. ಅದರ ಮೊದಲ ಫಲ ಕ್ಯೂಸಿ (ಗುಣಮಟ್ಟ ತಪಾಸಣೆ) ರಿಪೋರ್ಟ್. ‘ಚೀಕ್ ಟು ಚೀಕ್’ನಲ್ಲಿ ಬಿಳಿ ಕಣಗಳು ಹಾರುತ್ತಿವೆ, ಡರ್ಟ್, ಕ್ಲೀನಪ್ ಮಾಡಿ, ಫೇಲ್. ಅದು ಡರ್ಟ್ ಅಲ್ಲ. ರಾಜರ್ಸ್ ಹಟ ಹಿಡಿದು ತೊಟ್ಟ ಆಸ್ಟ್ರಿಚ್ ಗರಿಯ ಗೌನು ಸೆಟ್ಟಿನಲ್ಲಿ ಗರಿ ಉದುರಿಸಿ ಆ್ಯಸ್ಟೇರ್‌ಗೆ ಸಿಟ್ಟು ಬರಿಸಿತ್ತು, ಆಮೇಲೆ ಅವನೇ ಅವಳಿಗೆ ‘ಫೆದರ್ಸ್’ ಅಂತ ಅಡ್ಡಹೆಸರಿಟ್ಟ. ಆ ಗರಿಗಳಲ್ಲಿ ಕೆಲವು ಫಿಲ್ಮಿನಲ್ಲೂ ಉಳಿದಿವೆ. ಇಷ್ಟನ್ನೂ ಆ ದೂರಿನ ಟಿಕೆಟ್‌ನಲ್ಲಿ ಬರೆದು ‘ಆ್ಯಸ್ ಪರ್ ಸೋರ್ಸ್’, ಅಂದರೆ ಮೂಲದಲ್ಲೇ ಹೀಗಿದೆ, ಅಂತ ಹಾಕಿದೆ. ಎಪಿಸೋಡ್ ಪ್ರಸಾರವಾಗಿ ಬಿಲ್ಲೂ ಪಾಸಾಯಿತು. ಟಿಕೆಟ್ ಮಾತ್ರ ಇನ್ನೂ ಓಪನ್, ನನ್ನ ಹೆಸರಿನಲ್ಲಿ, ಪ್ರಯಾರಿಟಿ ಹೈ.