ಲೈಟ್‌ಹೌಸ್ ಮೇಲೆ ನಿಂತಿದ್ದ ಮನುಷ್ಯನನ್ನು ಆ್ಯಪ್ ಅಳಿಸಿತ್ತು

ಚಿಕ್ಕಮಗಳೂರಿನಲ್ಲಿ ಕೂತು ಲೈಟ್‌ಹೌಸ್ ಚರಿತ್ರೆ ಹುಡುಕುತ್ತೇನೆ ಅಂದರೆ ಯಾರಿಗಾದರೂ ಆಶ್ಚರ್ಯ ಆಗುತ್ತದೆ. ಆದರೆ ಇಲ್ಲಿನ ಕಾಫಿ ಘಾಟಿ ಇಳಿದು, ಬೀಜ ಹದಮಾಡುವ ಮಂಗಳೂರಿನ ಕ್ಯೂರಿಂಗ್ ವರ್ಕ್ಸ್‌ಗೆ, ಅಲ್ಲಿಂದ ಹಡಗಿಗೆ ಹೋಗುತ್ತಿತ್ತು. ಹೋದವರು ಫೋಟೋ ತಂದರು. ಹಾಗಾಗಿ ಎಸ್ಟೇಟ್ ಮನೆಗಳ ಅಟ್ಟದಲ್ಲಿ ಕರಾವಳಿಯ ಗಾಜಿನ ಪ್ಲೇಟು (ಫಿಲ್ಮ್ ಬದಲು ಗಾಜಿನ ಮೇಲೆ ತೆಗೆದ ಹಳೇ ಫೋಟೋ), ಆಲ್ಬಂ, ಪೋಸ್ಟ್‌ಕಾರ್ಡ್ ಸಿಗುತ್ತವೆ. ಅವು ನಮ್ಮ ಸ್ಕ್ಯಾನಿಂಗ್ ಯೂನಿಟ್ಟಿಗೆ ಬರುತ್ತವೆ. ಸ್ಕ್ಯಾನ್ ಮಾಡುವುದು, ಚಿತ್ರ ಯಾವುದು ಎಂದು ಗುರುತಿಸುವುದು, ಕ್ಯಾಪ್ಷನ್ ಬರೆಯುವುದು ನನ್ನ ಕೆಲಸ.

ಒಂದು ಪ್ರದರ್ಶನಕ್ಕೆ ಕರಾವಳಿಯ ಪ್ಯಾನೆಲ್‌ಗಳನ್ನು ಮಾಡಿಕೊಡಬೇಕಿತ್ತು. ಮುಖ್ಯ ಚಿತ್ರ ಒಂದು ಗಾಜಿನ ಪ್ಲೇಟು. ಲಕೋಟೆ ಮೇಲೆ ಪೆನ್ಸಿಲ್‌ನಲ್ಲಿ ‘ಕಾಪು’ ಅಂತ ಇತ್ತು. ಬಂಡೆ, ಗೋಪುರ, ಮೇಲೆ ಸುತ್ತಲೂ ಕಂಬಿ ಇರುವ ಗ್ಯಾಲರಿ. ನಾನು 2400 ಡಿಪಿಐನಲ್ಲಿ ಮಾಸ್ಟರ್ ಟಿಫ್ (ತಿದ್ದದ ಅಸಲಿ ಸ್ಕ್ಯಾನ್ ಫೈಲು) ಮಾಡಿ, ಕ್ಯಾಪ್ಷನ್ ಬರೆದು ಸರ್ವರ್‌ಗೆ ಹಾಕಿದ್ದೆ. ಆಮೇಲೆ ಫೈಲು ಡಿಸೈನ್ ಕಡೆ ಹೋಯಿತು. ಪ್ರೂಫ್ ನನಗೆ ವಾಪಸ್ ಬರಬೇಕು ಅನ್ನುವುದು ನಿಯಮ. ಬರಲಿಲ್ಲ.

ಸಂಜೆ ಐ.ಜಿ. ರೋಡ್‌ನ ಫ್ಲೆಕ್ಸ್ ಅಂಗಡಿಯವರು ಫೋನ್ ಮಾಡಿದರು. ‘ಮೇಡಂ, ಸೈಜ್ ಒಂದ್ಸಲ ಹೇಳಿಬಿಡಿ, ಮಷಿನ್‌ಗೆ ಹಾಕ್ತಾ ಇದೀನಿ.’ ಸೈಜ್ ನೋಡಲು ಪಿಡಿಎಫ್ ತೆಗೆದೆ. ಕ್ಯಾಪ್ಷನ್‌ನಲ್ಲಿ ‘1890ರ ಕಾಪು ದೀಪಸ್ತಂಭ’ ಅಂತ ಇತ್ತು. ಕಾಪು ಲೈಟ್‌ಹೌಸ್ ಕಟ್ಟಿದ್ದೇ 1901ರಲ್ಲಿ. ಹಳೆಯದು ಅಂದರೆ ಜನಕ್ಕೆ ಇಷ್ಟ ಆಗುತ್ತದೆ ಎಂದು ಯಾರೋ ಇಸವಿಯನ್ನು ಹಿಂದಕ್ಕೆ ಎಳೆದಿದ್ದರು.

ಅದನ್ನು ತಿದ್ದುವುದು ಎರಡು ನಿಮಿಷದ ಕೆಲಸ. ನನ್ನ ಕೈ ನಿಂತಿದ್ದು ಚಿತ್ರ ನೋಡಿ. ಗೋಪುರದ ತುದಿಯಲ್ಲಿ ದೀಪ ಹೊಳೆಯುತ್ತಿತ್ತು. ಕೆಳಗೆ ಬಂಡೆಯ ನೆರಳು ನೋಡಿದರೆ ನಡು ಹಗಲು.

‘ಮಷಿನ್ ನಿಲ್ಲಿಸಿ’ ಅಂದೆ. ‘ಅರ್ಧ ಅಡಿ ಆಗಿಹೋಯ್ತಲ್ಲ ಮೇಡಂ.’ ‘ಆಗಿದ್ದು ನಮ್ಮ ಲೆಕ್ಕಕ್ಕೆ, ನಿಲ್ಲಿಸಿ.’

ಡಿಸೈನ್ ಹುಡುಗ ಪಕ್ಕಕ್ಕೆ ಬಂದು ನಿಂತ. ‘ಅಕ್ಕಾ, ಸಾರ್ ಹೇಳಿದ್ರು, ಮಂಕಾಗಿದೆ, ಆ್ಯಪ್‌ಗೆ ಹಾಕಿ ಎನ್‌ಹ್ಯಾನ್ಸ್ ಮಾಡು ಅಂತ.’ ಅವನದೇನೂ ತಪ್ಪಿಲ್ಲ. ಮಾಸ್ಟರ್ ಟಿಫ್ ಪಕ್ಕದಲ್ಲಿ ತೆರೆದು ಇಬ್ಬರೂ ನೋಡಿದೆವು. ಅಸಲಿ ಚಿತ್ರದಲ್ಲಿ ಲ್ಯಾಂಟರ್ನ್, ಅಂದರೆ ದೀಪದ ಕೋಣೆಯ, ಗಾಜಿನ ಹಿಂದೆ ಬಟ್ಟೆಯ ಮಡಿಕೆಗಳಿವೆ. ಅದು ಪರದೆ. ಲೈಟ್‌ಹೌಸಿನ ಲೆನ್ಸ್ ರಾತ್ರಿ ಬೆಳಕನ್ನು ಹೊರಗೆ ಒಟ್ಟುಮಾಡಿ ಕಳಿಸಿದ ಹಾಗೆಯೇ ಹಗಲು ಬಿಸಿಲನ್ನು ಒಳಗೆ ಒಟ್ಟುಮಾಡುತ್ತದೆ. ದೀಪದ ಭಾಗಗಳು ಸುಟ್ಟುಹೋಗಬಹುದು, ಬೆಂಕಿಯೂ ಹತ್ತಬಹುದು. ಅದಕ್ಕೆ ಬೆಳಗಾದ ಕೂಡಲೇ ಕೀಪರ್‌ಗಳು ಪರದೆ ಎಳೆಯುತ್ತಿದ್ದರು. ಆ ಮಡಿಕೆಯೇ ಹೇಳುತ್ತದೆ, ಫೋಟೋ ತೆಗೆದ ದಿನ ಒಳಗೆ ಲೆನ್ಸ್ ಇತ್ತು, ನೋಡಿಕೊಳ್ಳುವವರೂ ಇದ್ದರು ಅಂತ. ಆ್ಯಪ್ ಅದನ್ನು ಕೊಳೆ ಅಂದುಕೊಂಡು ದೀಪ ಹಚ್ಚಿಬಿಟ್ಟಿತ್ತು.

ಇನ್ನೂ ಜೂಮ್ ಮಾಡಿದೆ. ಗ್ಯಾಲರಿಯ ಕಂಬಿ ಹತ್ತಿರ ಮಂಜಿನ ಹಾಗೆ ಒಂದು ಬೂದು ಗೆರೆ. ಪಿಡಿಎಫ್‌ನಲ್ಲಿ ಅದಿಲ್ಲ, ಬರೀ ಆಕಾಶ. ಹುಡುಗ ‘ಅದು ಸ್ಕ್ರಾಚ್ ಅಲ್ವಾ ಅಕ್ಕಾ?’ ಅಂದ. ಕೆಳಗೆ ತೋರಿಸಿದೆ. ಎರಡು ಪಾದ, ಬರಿಗಾಲು, ಚೂಪಾಗಿ ಬಂದಿವೆ. ಕಂಬಿ ಹಿಡಿದ ಬಲಗೈಯೂ ಚೂಪಾಗಿದೆ. ಎಕ್ಸ್‌ಪೋಷರ್ (ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತು) ಮುಗಿಯುವ ಮೊದಲು ಆತ ತಲೆ ತಿರುಗಿಸಿದ್ದಾನೆ, ಮೈ ಆಡಿಸಿದ್ದಾನೆ. ಅದಕ್ಕೇ ಮುಖ, ಎದೆ ಎಲ್ಲಾ ಕಲಸಿಹೋಗಿವೆ. ಅವನ ಹೆಸರು ಯಾವ ಕಡತದಲ್ಲಿದೆಯೋ. ಇರುವುದು ಈ ಗಾಜಿನ ಮೇಲೆ ಒಂದು ಚೂರು, ಅದನ್ನೂ ನಮ್ಮ ಆಫೀಸು ಒರೆಸಿ ಹಾಕಿತ್ತು. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಮ್ಯಾನೇಜರ್ ಬಂದರು. ‘ಚೆನ್ನಾಗಿ ಕಾಣ್ತಿದೆಯಲ್ಲ ಮೇಡಂ. ಅಷ್ಟು ಹತ್ತಿರ ಹೋಗಿ ಯಾರು ನೋಡ್ತಾರೆ?’ ‘ಆರಡಿ ಪ್ಯಾನೆಲ್ ಸಾರ್, ಎಲ್ಲರೂ ಹತ್ತಿರವೇ ನೋಡ್ತಾರೆ’ ಅಂದೆ. ಅವರು ಸ್ವಲ್ಪ ಹೊತ್ತು ಆ ಪಾದಗಳನ್ನೇ ನೋಡಿದರು. ಕೊನೆಗೆ ‘ಅಸಲಿದನ್ನೇ ಹಾಕಿ’ ಅಂದರು. ಫ್ಲೆಕ್ಸ್ ದುಡ್ಡಿನ ಬಗ್ಗೆ ಆಮೇಲೆ ದೊಡ್ಡ ಮೀಟಿಂಗೇ ಆಯಿತು, ಬಿಡಿ.

ಆ ರಾತ್ರಿ ಉಳಿದ ಪ್ಯಾನೆಲ್‌ಗಳನ್ನೂ ತೆರೆದೆ. ಕೋಸ್ಟ್ ಗಾರ್ಡ್ ಚಿತ್ರದ ಕೆಳಗೆ ‘1978, ಮೊದಲ ಹಡಗು’ ಅಂತಿತ್ತು. ಕೋಸ್ಟ್ ಗಾರ್ಡ್ 1977ರ ಫೆಬ್ರುವರಿ 1ರಂದು ತಾತ್ಕಾಲಿಕವಾಗಿ ಶುರುವಾಗಿ, 1978ರ ಆಗಸ್ಟ್‌ನಲ್ಲಿ ಕಾಯ್ದೆ ಮೂಲಕ ಪಕ್ಕಾ ಆಯಿತು. ಇಸವಿ ಅಲ್ಲಿಂದ ಎತ್ತಿದ್ದು. ಆದರೆ ಚಿತ್ರದ ಹಡಗಿಗೆ ಹಿಂದೆ ಹೆಲಿಕಾಪ್ಟರ್ ಡೆಕ್ ಇದೆ. ಶುರುವಿನಲ್ಲಿ ನೌಕಾಪಡೆ ಕೊಟ್ಟ ಎರಡು ಫ್ರಿಗೇಟ್‌ಗಳು ಕೃಪಾಣ್ ಮತ್ತು ಕುಠಾರ್. 1971ರ ಯುದ್ಧದಲ್ಲಿ ಡಿಸೆಂಬರ್ 9ರಂದು ಮುಳುಗಿದ ಖುಕ್ರಿ ಹಡಗಿನ ಜಾತಿಯವೇ. ಆ ಜಾತಿಯ ಹಡಗಿಗೆ ಹೆಲಿಕಾಪ್ಟರ್ ಡೆಕ್ಕೇ ಇಲ್ಲ. ಡೆಕ್ ಇರುವ ವಿಕ್ರಮ್ ಹಡಗು ಕೋಸ್ಟ್ ಗಾರ್ಡ್ ಸೇರಿದ್ದು 1983ರಲ್ಲಿ. ಆ ಕ್ಯಾಪ್ಷನ್ ತೆಗೆಸಿದೆ.

ಇದನ್ನೆಲ್ಲ ಹೇಳಿದರೆ ಆಫೀಸಿನಲ್ಲಿ ಬರುವ ಮಾತು ಒಂದೇ: ‘ಸುಮ್ನೆ ಗೂಗಲ್ ಮಾಡಿ ಹಾಕಿ.’ ಗೂಗಲ್‌ನಲ್ಲಿ ಎಲ್ಲಿದೆ? ಬ್ರಿಟಿಷರ ಕಾಲದಲ್ಲಿ ನಮ್ಮ ಕರಾವಳಿಯೇ ಎರಡು ಪಾಲು. ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಉತ್ತರ ಕನ್ನಡ 1862ರಲ್ಲಿ ಬೊಂಬಾಯಿಗೆ ಹೋಯಿತು. ಹಾಗಾಗಿ ಕಾಪುವಿನ ಹಳೇ ಕಾಗದಕ್ಕೆ ಚೆನ್ನೈನ ಎಗ್ಮೋರ್‌ನ ಸರ್ಕಾರಿ ದಾಖಲೆ ಸಂಗ್ರಹದ ಕಡೆ ಮುಖ ಮಾಡಬೇಕು, ಕಾರವಾರದ ಎದುರಿನ ಆಯ್‌ಸ್ಟರ್ ರಾಕ್‌ನ 1864ರ ಲೈಟ್‌ಹೌಸಿಗೆ ಮುಂಬೈ ಕಡೆ. ದೇಶಕ್ಕೆಲ್ಲ ಒಂದೇ ಲೈಟ್‌ಹೌಸ್ ಕಾಯ್ದೆ ಬಂದಿದ್ದು 1927ರಲ್ಲಿ. ಗೋಪುರದ ಬಣ್ಣ ಗೊತ್ತಾಗಬೇಕಾದರೆ ಬ್ರಿಟಿಷ್ ಅಡ್ಮಿರಾಲ್ಟಿಯ (ನೌಕಾ ಇಲಾಖೆಯ) ದೀಪಗಳ ಪಟ್ಟಿ ನೋಡಬೇಕು. ಹಗಲು ಹೊತ್ತು ನಾವಿಕರು ಗುರುತು ಹಿಡಿಯುವುದೇ ಬಣ್ಣದಿಂದ, ಅದಕ್ಕೆ ಅದರಲ್ಲಿ ಬಣ್ಣವನ್ನೂ ಬರೆಯುತ್ತಾರೆ. ಬೇರೆ ಬೇರೆ ವರ್ಷದ ಪಟ್ಟಿ ಪಕ್ಕಪಕ್ಕ ಇಟ್ಟರೆ ಫೋಟೋಗೆ ಇಸವಿ ಸಿಗುತ್ತದೆ. ಇದಕ್ಕೆ ದಿನಗಟ್ಟಲೆ ಹಿಡಿಯುತ್ತದೆ, ಟೈಮ್‌ಶೀಟ್‌ನಲ್ಲಿ ಮಾತ್ರ ಇದಕ್ಕೊಂದು ಕಾಲಮ್ಮೂ ಇಲ್ಲ.

ಈಗ ಮಾಸ್ಟರ್ ಟಿಫ್ ಫೋಲ್ಡರ್ ಲಾಕ್ ಮಾಡಿದ್ದೇನೆ. ಡಿಸೈನ್‌ಗೆ ಕಾಪಿ ಮಾತ್ರ ಹೋಗುತ್ತದೆ. ಲಕೋಟೆ, ಪ್ರಿಂಟಿನ ಹಿಂಬದಿ, ಪ್ಲೇಟಿನ ಅಂಚು ಎಲ್ಲವನ್ನೂ ಸ್ಕ್ಯಾನ್ ಮಾಡುತ್ತೇವೆ. ನನ್ನ ಸಹಿ ಇಲ್ಲದೆ ಅಂಗಡಿಯವರು ಮಷಿನ್ ಹಚ್ಚುವುದಿಲ್ಲ. ಇಷ್ಟಕ್ಕೆ ಜಗಳ ಆಡಬೇಕಾಯಿತು.

ನಿಮ್ಮ ಮನೆಯ ಅಟ್ಟದಲ್ಲೂ ಗಾಜಿನ ಪ್ಲೇಟು ಇದ್ದರೆ ದಯವಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಮಂಕಾಗಿರುವ ಬದಿಯಲ್ಲೇ ಚಿತ್ರ ಇರುವುದು, ನೀರು ಬಿದ್ದರೆ ಜೆಲಾಟಿನ್ ಎದ್ದು ಬರುತ್ತದೆ. ಅಂಚು ಹಿಡಿದು ಎತ್ತಿ, ಲಕೋಟೆ ಸಮೇತ ತನ್ನಿ.