ಹಾಸನದ ಜಾತಕ ಕಥೆ ಪ್ರದರ್ಶನಕ್ಕೆ ಮಕ್ಕಳ ಜೊತೆ ಹೊರಟಿದ್ದೀರಾ?

ಮೊದಲೇ ಹೇಳಿಬಿಡುತ್ತೇನೆ: ಹೊರಡುವ ಹಿಂದಿನ ರಾತ್ರಿ ಮಕ್ಕಳಿಗೆ ಮೂರ್ನಾಲ್ಕು ಜಾತಕ ಕಥೆ ಹೇಳಿ ಮಲಗಿಸಿ. ಹಾಸನದ ಶಾಲೆಯೊಂದರ ಸಭಾಂಗಣದಲ್ಲಿ ನಡೆಯುತ್ತಿರುವ ಈ ಪ್ರದರ್ಶನದಲ್ಲಿ ನಿಂತು ನೋಡುವ ಚಿತ್ರ ಕಡಿಮೆ. ಮಕ್ಕಳೇ ಬರೆದು, ಅಂಟಿಸಿ, ಆಡಿ ಮುಗಿಸುವುದು ಜಾಸ್ತಿ. ಕಥೆ ಗೊತ್ತಿರುವ ಮಗು ಸೀದಾ ಬಣ್ಣಕ್ಕೆ ಕೈ ಹಾಕುತ್ತದೆ. ಗೊತ್ತಿಲ್ಲದ್ದು ಅಪ್ಪನ ಪ್ಯಾಂಟು ಹಿಡಿದು ನಿಲ್ಲುತ್ತದೆ. ಕಥೆಯ ಫಲಕಗಳೇನೋ ಇವೆ, ಆದರೆ ಅಕ್ಷರ ಸಣ್ಣದು. ಆ ಗಲಾಟೆಯಲ್ಲಿ ಓದಿ ಹೇಳುವುದು ಆಗದ ಮಾತು.

ಬುದ್ಧನ ಹಿಂದಿನ ಜನ್ಮಗಳ ಕಥೆಗಳಿವು. ಪಾಳಿ ಭಾಷೆಯ ಸಂಗ್ರಹದಲ್ಲಿ 547 ಇವೆ. ಇಲ್ಲಿಗೆ ಆರಿಸಿರುವುದು ಪ್ರಾಣಿ, ಪಕ್ಷಿಗಳ ಕೆಲವನ್ನು ಮಾತ್ರ.

ಚಿಕ್ಕಮಗಳೂರಿನಿಂದ ಬೇಲೂರು ಮೇಲೆ ಬಂದರೆ 60 ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು. ಬಸ್ಸಿಗೆ ಕೊರತೆಯಿಲ್ಲ. ಶನಿವಾರವೋ ಭಾನುವಾರವೋ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ತಲುಪಿ. ಹನ್ನೊಂದರ ಮೇಲೆ ಕುಂಚಕ್ಕೂ ಸರದಿ.

ಒಳಗೆ ಹೋದವರು ಮೊದಲು ಬಲೆಯ ಹತ್ತಿರ ಹೋಗಿ. ಲಾವಕ್ಕಿಗಳ ಕಥೆ ಅದು. ಬೇಡ ಬಲೆ ಬೀಸುತ್ತಾನೆ, ಹಕ್ಕಿಗಳೆಲ್ಲ ಒಟ್ಟಿಗೆ ರೆಕ್ಕೆ ಬಡಿದು ಬಲೆಯನ್ನೇ ಎತ್ತಿಕೊಂಡು ಹೋಗಿ ಮುಳ್ಳಿನ ಪೊದೆ ಮೇಲೆ ಹಾಕುತ್ತವೆ. ಪಂಚತಂತ್ರದ ಪಾರಿವಾಳಗಳು ನೆನಪಾದವು ಅಲ್ವಾ? ಆದರೆ ಜಾತಕದಲ್ಲಿ ಮುಂದೆ ಜಗಳ ಶುರು. ಮೇಯಲು ಇಳಿಯುವಾಗ ಒಂದು ಹಕ್ಕಿ ಇನ್ನೊಂದರ ತಲೆ ತುಳಿಯುತ್ತದೆ. ನೀನೊಬ್ಬನೇ ಎತ್ತಿದ್ದಾ ಬಲೆ ಅಂತ ಮಾತಿಗೆ ಮಾತು ಬೆಳೆದು ಕೊನೆಗೆ ಯಾರೂ ಎತ್ತುವುದಿಲ್ಲ, ಬೇಡನಿಗೆ ಹಬ್ಬ. ಇಲ್ಲಿ ನಿಜವಾದ ಬಲೆಯನ್ನೇ ಹಾಸಿದ್ದಾರೆ. ಮಕ್ಕಳು ತಾವು ಬಣ್ಣ ಹಚ್ಚಿದ ಕಾಗದದ ಹಕ್ಕಿಗಳನ್ನು ಅದಕ್ಕೆ ಕಟ್ಟಿ, ಸುತ್ತ ನಿಂತು ಒಟ್ಟಿಗೆ ಎತ್ತಬೇಕು. ಒಬ್ಬ ಬಿಟ್ಟರೂ ಹಕ್ಕಿಗಳೆಲ್ಲ ಆ ಕಡೆ ಜಾರುತ್ತವೆ. ನಮ್ಮ ಗುಂಪಿನಲ್ಲಿ ಯಾರು ಬಿಟ್ಟದ್ದು ಎಂದು ಅಲ್ಲೇ ಲಾವಕ್ಕಿ ಜಗಳ ನಡೆಯಿತು! ಪರಿಚಯವಿಲ್ಲದ ಮಕ್ಕಳ ಜೊತೆ ಆಡಿದರೇ ಇದು ಚೆನ್ನ. ಅಣ್ಣ ತಂಗಿಯರನ್ನು ಬೇರೆ ಬೇರೆ ಕಡೆ ನಿಲ್ಲಿಸಿ.

ಮೊಲದ ಮೂಲೆಯೂ ಇಷ್ಟವಾಯಿತು. ಹಸಿದು ಬಂದ ಅತಿಥಿಗೆ ಕೊಡಲು ಏನೂ ಇಲ್ಲವೆಂದು ಮೊಲ ತಾನೇ ಬೆಂಕಿಗೆ ಹಾರುತ್ತದೆ. ಬೆಂಕಿ ಸುಡುವುದಿಲ್ಲ. ಅತಿಥಿಯ ವೇಷದಲ್ಲಿ ಬಂದಿದ್ದ ಇಂದ್ರ ಬೆಟ್ಟವನ್ನೇ ಹಿಂಡಿ, ಆ ರಸದಿಂದ ಚಂದ್ರನ ಮೇಲೆ ಮೊಲದ ಚಿತ್ರ ಬರೆಯುತ್ತಾನೆ. ಅದಕ್ಕೇ ಇಲ್ಲಿ ಟ್ಯೂಬ್ ಬಣ್ಣ ಇಲ್ಲ. ಸೊಪ್ಪು ಅರೆದ ರಸ, ಅರಿಶಿನ, ದುಂಡನೆಯ ಕಾಗದ, ಅಷ್ಟೇ. ಅರಿಶಿನದ ಕಲೆ ಸುಲಭಕ್ಕೆ ಹೋಗುವುದಿಲ್ಲ, ಹಳೇ ಬಟ್ಟೆ ಹಾಕಿಸಿ.

ತನ್ನ ಮಂಗಗಳನ್ನು ನದಿ ದಾಟಿಸಲು ಕಟ್ಟಿದ ಬೆತ್ತ ಸಾಲದೆ ಕಪಿರಾಜ ತನ್ನ ಮೈಯನ್ನೇ ಸೇತುವೆ ಮಾಡಿದ ಕಥೆಗೆ ಹಗ್ಗ ಕಟ್ಟುವ ಆಟ ಇದೆ. ಸರದಿ ಉದ್ದ, ಆಟ ಸಾಧಾರಣ. ಹೊತ್ತಿಲ್ಲದಿದ್ದರೆ ಬಿಡಬಹುದು.

ಐದು ವರ್ಷದೊಳಗಿನವರಿದ್ದರೆ ಆರು ದಂತದ ಆನೆಯ ಮುಂದೆ ಸ್ವಲ್ಪ ನೋಡಿಕೊಳ್ಳಿ. ದಂತಕ್ಕೆಂದು ಬಂದ ಬೇಡನಿಂದ ಕುಯ್ಯಲು ಆಗದಿದ್ದಾಗ ಆನೆ ತಾನೇ ತನ್ನ ದಂತ ಕುಯ್ದು ಕೊಡುತ್ತದೆ. ಅಜಂತಾದ 10ನೇ ಗುಹೆಯಲ್ಲೂ ಈ ಕಥೆಯ ಚಿತ್ರವಿದೆ. ಪ್ರದರ್ಶನದಲ್ಲಿ ಒಂದು ಪುಟ್ಟ ಹುಡುಗಿ ಈ ಆನೆಯ ಮುಂದೆ ಜೋರಾಗಿ ಅತ್ತುಬಿಟ್ಟಳು. ದೊಡ್ಡ ಮಕ್ಕಳಿಗೆ ಮಾತ್ರ ಈ ಕಥೆ ಪೂರ್ತಿ ಹೇಳಿ.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ದಯವಿಟ್ಟು ಕುಂಚ ಕಿತ್ತುಕೊಳ್ಳಬೇಡಿ. "ಹಾಗಲ್ಲ ಪುಟ್ಟಾ, ಜಿಂಕೆಗೆ ಕೊಂಬು ಹೀಗೆ" ಎನ್ನುತ್ತಾ ತಾವೇ ಬರೆಯಲು ಕೂತವರು ಬಹಳ ಜನ. ಸುಮ್ನೆ ಗೋಡೆ ಪಕ್ಕದ ಬೆಂಚಿನಲ್ಲಿ ಕೂತಿರಿ. ಎರಡೂವರೆ ಗಂಟೆ ಬೇಕೇ ಬೇಕು.

ಚಿತ್ರ ಒಣಗುವ ಮೊದಲೇ ಕೈಗೆ ಕೊಡುತ್ತಾರೆ. ಒಂದು ರಟ್ಟು, ಎರಡು ಕ್ಲಿಪ್ಪು ಬ್ಯಾಗಿನಲ್ಲಿರಲಿ. ಒಳಗೆ ತಿಂಡಿಗೆ ಬಿಡುವುದಿಲ್ಲ. ಬುತ್ತಿ ತಂದಿದ್ದರೆ ಮಹಾರಾಜ ಪಾರ್ಕಿಗೆ ಆಟೋ ಹಿಡಿಯಿರಿ. ನೆರಳಿದೆ, ಮಕ್ಕಳು ಓಡಾಡಬಹುದು.

ಅದೇ ದಿನ ಬೇಲೂರು, ಹಳೇಬೀಡು ಎರಡನ್ನೂ ಸೇರಿಸಬೇಡಿ, ಮಕ್ಕಳು ಸೋತುಹೋಗುತ್ತಾರೆ. ಉಳಿದುಕೊಳ್ಳುವವರು ಮರುದಿನ ಬೆಳಿಗ್ಗೆ ಹಳೇಬೀಡಿಗೆ ಹೋಗಿ, ಹಾಸನದಿಂದ ಸುಮಾರು 30 ಕಿಲೋಮೀಟರ್. ಹೊಯ್ಸಳೇಶ್ವರನ ಗೋಡೆಯ ತಳಸಾಲಿನ ತುಂಬ ಆನೆಗಳೇ. ಅವುಗಳ ಮೇಲಿನ ಸಾಲುಗಳಲ್ಲಿ ರಾಮಾಯಣ, ಮಹಾಭಾರತದ ಕಥೆಗಳಿವೆ. ಅಲ್ಲಿನ ಮ್ಯೂಸಿಯಂಗೆ ಶುಕ್ರವಾರ ರಜೆ.